ರವೆನ್ನಾದ ಎರಡು ಗುಮ್ಮಟ, ಮನೆಯ ಒಂದು ಜಗಳ

ಬೊಲೋನ್ಯ, ಇಟಲಿ
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ,

ನಿಮಗೂ ಅಮ್ಮನಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಇಷ್ಟು ಬರೆಯುವಷ್ಟರಲ್ಲೇ ನಗು ಬಂತು. ಯೇಸುವಿನ ನಾಮ ಅಂದರೆ ಯಾರ ನಾಮ ಅನ್ನುವುದೇ ಅಲ್ಲವೇ ಈಗ ಮನೆಯಲ್ಲಿ ಜಗಳ?

ಹೋದ ವಾರ ಫೋನಿನಲ್ಲಿ ನೀವು "ತಮ್ಮನಿಗೆ ಒಂದು ಕಾಗದ ಬರಿ, ನೀನು ಹೇಳಿದ್ರೆ ಕೇಳ್ತಾನೆ" ಅಂದಿರಿ. ಅವನಿಗೆ ಬರೆಯಲು ಕೂತು ಎರಡು ಸಲ ಹರಿದು ಹಾಕಿದೆ. ಕೊನೆಗೆ ನಿಮಗೇ ಬರೆಯುವುದು ಸರಿ ಅನ್ನಿಸಿತು. ಸಿಟ್ಟಾಗಬೇಡಿ, ಪೂರ್ತಿ ಓದಿ.

ಅವನು ಹೇಳಿದ್ದು ಇಷ್ಟು ತಾನೇ: ಯೇಸು ದೇವರ ಮಗ, ಆದರೆ ದೇವರಲ್ಲ. ದೇವರು ಎಲ್ಲಕ್ಕಿಂತ ಮೊದಲು ಸೃಷ್ಟಿಸಿದ್ದು ಅವನನ್ನು. ತ್ರಯೇಕ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು, ಅನ್ನುವ ಪದವೇ ಸತ್ಯವೇದದಲ್ಲಿಲ್ಲ, ಅದನ್ನು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ತಂದು ತುರುಕಿದ. ಅದಕ್ಕೆ ನೀವು ನೀರು, ಮಂಜುಗಡ್ಡೆ, ಹಬೆ ಮೂರೂ ಒಂದೇ ಅಲ್ಲವೇ, ದೇವರೂ ಹಾಗೆ ಅಂದಿರಿ. ಅವನು ನಕ್ಕ. ನೀವು ಎದ್ದು ಹೋದಿರಿ.

ಅಪ್ಪ, ಆ ನೀರಿನ ಉದಾಹರಣೆಯನ್ನು ಇನ್ನು ಬಿಟ್ಟುಬಿಡಿ. ಸಂಡೇ ಸ್ಕೂಲಿನಲ್ಲಿ ನೀವು ನಮಗೆ ಕಲಿಸಿದ್ದು ಅದನ್ನೇ, ನನಗೂ ಅದು ಬಹಳ ಇಷ್ಟವಾಗಿತ್ತು. ಆದರೆ ಅದು ಸಭೆಯ ನಂಬಿಕೆಯಲ್ಲ. ಒಬ್ಬನೇ ದೇವರು ಒಮ್ಮೆ ತಂದೆಯ ವೇಷ, ಒಮ್ಮೆ ಮಗನ ವೇಷ, ಆಮೇಲೆ ಆತ್ಮನ ವೇಷ ಹಾಕಿಕೊಂಡು ಬಂದ ಅನ್ನುವುದು 3ನೇ ಶತಮಾನದ ಸಬೆಲ್ಲಿಯಸ್ ಎಂಬವನ ಹೆಸರಿನಲ್ಲಿ ಉಳಿದುಕೊಂಡ ಬೋಧನೆ. ಅದನ್ನು ಸಭೆ ಆಗಲೇ ತಳ್ಳಿಹಾಕಿತ್ತು. ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಕೊಡುವ ಕೆಲವು ಪೆಂತೆಕೊಸ್ತ ಸಭೆಗಳು ಇವತ್ತಿಗೂ ಅದಕ್ಕೆ ಹತ್ತಿರದ್ದನ್ನು ಹೇಳುತ್ತವೆ. ಅದು ನಿಜವಾದರೆ ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥಿಸಿದ್ದು ಯಾರಿಗೆ? ತನಗೆ ತಾನೇ? ಯೊರ್ದನ್ ನದಿಯಲ್ಲಿ ದೀಕ್ಷಾಸ್ನಾನಕ್ಕೆ ಮಗ ನೀರಿನಲ್ಲಿ ನಿಂತಿದ್ದಾನೆ, ಆತ್ಮ ಪಾರಿವಾಳದಂತೆ ಇಳಿಯುತ್ತಿದೆ, ತಂದೆಯ ಧ್ವನಿ ಮೇಲಿನಿಂದ ಕೇಳುತ್ತಿದೆ, ಮೂರೂ ಒಂದೇ ಗಳಿಗೆಯಲ್ಲಿ. ಮಂಜುಗಡ್ಡೆ ಹಬೆಯ ಹತ್ತಿರ ಮಾತಾಡುವುದಿಲ್ಲ. ಅಷ್ಟು ವರ್ಷ ಪಾಠ ಹೇಳಿದ ಅಪ್ಪನನ್ನು ಮಗಳು ಪಾಷಂಡಿ ಅಂದಳು ಅಂತ ಅಮ್ಮನಿಗೆ ಮಾತ್ರ ಹೇಳಬೇಡಿ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡೇ ಶನಿವಾರ ರವೆನ್ನಾಕ್ಕೆ ಹೋಗಿದ್ದೆ. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು. ಆ ಊರಿನಲ್ಲಿ ಹಳೆಯ ದೀಕ್ಷಾಸ್ನಾನದ ಮಂದಿರಗಳು ಎರಡಿವೆ, ಎರಡೂ ಎಂಟು ಮೂಲೆಯ ಇಟ್ಟಿಗೆ ಕಟ್ಟಡಗಳು. ಒಂದು ನಮ್ಮವರದ್ದು, ಅಂದರೆ ಯೇಸು ತಂದೆಗೆ ಸಮನಾದ ದೇವರು ಎನ್ನುವ ನೈಸೀಯ ವಿಶ್ವಾಸಪ್ರಮಾಣ ಹೇಳುವವರದ್ದು. 5ನೇ ಶತಮಾನದ ನಡುವಿನಲ್ಲಿ ನಿಯೋನ್ ಎಂಬ ಬಿಷಪ್ ಅದರ ಗುಮ್ಮಟವನ್ನು ಚಿತ್ರಗಳಿಂದ ತುಂಬಿಸಿದ. ಇನ್ನೊಂದು ಥಿಯೊಡೊರಿಕ್ ಕಟ್ಟಿಸಿದ್ದು. ಗೋಥರೆಂಬ ಜರ್ಮನಿಕ್ ಜನಾಂಗದ ರಾಜ ಅವನು, 493ರಿಂದ 526ರವರೆಗೆ ಇಟಲಿಯನ್ನು ಆಳಿದವನು. ಅವನದು ತಮ್ಮನ ಪಕ್ಷ. ಯೇಸು ತಂದೆಗೆ ಸಮನಲ್ಲ ಎಂದ ಏರಿಯಸ್‌ನ ದಾರಿಯವರು ಗೋಥರು. ಅವರಿಗೆ 4ನೇ ಶತಮಾನದಲ್ಲಿ ಸುವಾರ್ತೆ ಕೊಟ್ಟು, ಲಿಪಿಯನ್ನೂ ಮಾಡಿಕೊಟ್ಟು, ಸತ್ಯವೇದವನ್ನು ಗೋಥಿಕ್‌ಗೆ ತಂದ ಬಿಷಪ್ ವುಲ್ಫಿಲಾ ಆ ನಂಬಿಕೆಯವನೇ. ನೇರಳೆ ಬಣ್ಣದ ಚರ್ಮದ ಹಾಳೆಗಳ ಮೇಲೆ ಬೆಳ್ಳಿಯ ಶಾಯಿಯಲ್ಲಿ ಬರೆದ ಅದರ ಒಂದು ಪ್ರತಿ ಈಗಲೂ ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಸತ್ಯವೇದವನ್ನು ಬೆಳ್ಳಿಯಲ್ಲಿ ಬರೆಸಿದ ಜನರನ್ನು "ಸತ್ಯವೇದ ಗೊತ್ತಿಲ್ಲದವರು" ಅನ್ನಲು ನನಗೆ ಬಾಯಿ ಬರಲಿಲ್ಲ.

ಎರಡೂ ಗುಮ್ಮಟಗಳಲ್ಲಿ ಒಂದೇ ಚಿತ್ರ. ನಡುವೆ ಯೊರ್ದನ್, ಸೊಂಟದವರೆಗೆ ನೀರಿನಲ್ಲಿ ಯೇಸು, ಪಕ್ಕದಲ್ಲಿ ದೀಕ್ಷಾಸ್ನಾನ ಕೊಡುವ ಯೋಹಾನ, ಮೇಲೆ ಪಾರಿವಾಳ, ಸುತ್ತ ಹನ್ನೆರಡು ಅಪೊಸ್ತಲರು. ಒಂದರಲ್ಲಿ ಯೇಸುವಿಗೆ ಗಡ್ಡವಿದೆ, ಇನ್ನೊಂದರಲ್ಲಿ ಇಲ್ಲ. ಯಾವುದು ಯಾರದ್ದು ಎಂದು ಇಲ್ಲಿ ಹೇಳುವುದಿಲ್ಲ.

ಏರಿಯಸ್ ಅಲೆಕ್ಸಾಂಡ್ರಿಯಾದ ಸಭೆಯ ಹಿರಿಯ, ವಯಸ್ಸಾದವನು. ಹಡಗಿನವರಿಗೆ, ಬೀಸುವವರಿಗೆ ಹಾಡಿಕೊಳ್ಳಲೆಂದು ತನ್ನ ಬೋಧನೆಯನ್ನು ಪದ ಕಟ್ಟಿ ಕೊಟ್ಟನಂತೆ. ದೇವರ ಮೇಲೆ ಬೀಸುವ ಪದ! ಅವನ ವಾದ ದಡ್ಡರ ವಾದವಲ್ಲ. ದೇವರು ಒಬ್ಬನೇ, ಹುಟ್ಟಿಲ್ಲದವನು. ಮಗ ಅಂದಮೇಲೆ ತಂದೆಯಿಂದ ಬಂದವನು, ಹಾಗಾದರೆ ಅವನು ಇಲ್ಲದಿದ್ದ ಒಂದು ಸಮಯ ಇರಲೇಬೇಕು. "ತಂದೆಯು ನನಗಿಂತ ದೊಡ್ಡವನು" ಎಂದು ಯೇಸುವೇ ಹೇಳಿದ್ದಾನಲ್ಲ? ಕಡೇ ದಿನ ಯಾವಾಗ ಎಂದು ಮಗನಿಗೂ ಗೊತ್ತಿಲ್ಲ ಎಂದು ಮಾರ್ಕನ 13ನೇ ಅಧ್ಯಾಯದಲ್ಲಿ ಇದೆಯಲ್ಲ? ತಮ್ಮ ಎತ್ತಿ ತೋರಿಸುವ ವಚನಗಳು ಇವೇ. ಅವನ ಕಾಲಕ್ಕೆ ಅವು ಹೊಸವಲ್ಲ, ಏರಿಯಸ್‌ನ ಕಾಲಕ್ಕೂ ಹೊಸವಲ್ಲ.

ಕಾನ್‌ಸ್ಟಂಟೈನ್ ವಿಷಯದಲ್ಲಿ ಮಾತ್ರ ಅವನು ಅರ್ಧ ಓದಿದ್ದಾನೆ. 325ರಲ್ಲಿ ನೈಸೀಯದಲ್ಲಿ, ಅಂದರೆ ಈಗಿನ ತುರ್ಕಿಯ ಇಜ್ನಿಕ್‌ನಲ್ಲಿ, ಈ ಜಗಳ ತೀರಿಸಲು ಬಿಷಪ್ಪರನ್ನು ಕರೆಸಿದ್ದು ಚಕ್ರವರ್ತಿ ಹೌದು. ಆದರೆ ಲ್ಯಾಟಿನ್ನಿನಲ್ಲಿ ತ್ರಿತ್ವ, ಅಂದರೆ ಇದೇ ತ್ರಯೇಕ, ಅನ್ನುವ ಪದವನ್ನು ಉತ್ತರ ಆಫ್ರಿಕಾದ ಬರಹಗಾರ ತೆರ್ತುಲಿಯನ್ ಬಳಸಿದ್ದು ಅದಕ್ಕೆ ನೂರು ವರ್ಷ ಮೊದಲೇ. ಆಮೇಲಿನ ಕತೆಯಂತೂ ಪೂರ್ತಿ ಉಲ್ಟಾ. ನೈಸೀಯದ ಪರವಾಗಿ ಜೀವಮಾನವಿಡೀ ಹೋರಾಡಿದ ಬಿಷಪ್ ಅಥನೇಸಿಯಸ್‌ನನ್ನು ಮೊದಲ ಸಲ ಗಡೀಪಾರು ಮಾಡಿದವನು ಅದೇ ಕಾನ್‌ಸ್ಟಂಟೈನ್. ಒಟ್ಟು ಐದು ಸಲ ಅಥನೇಸಿಯಸ್ ಊರು ಬಿಡಬೇಕಾಯಿತು, ಸುಮಾರು 17 ವರ್ಷ ಹೊರಗೆ ಕಳೆದ. 337ರಲ್ಲಿ ಸಾಯುವ ಮುಂಚೆ ಕಾನ್‌ಸ್ಟಂಟೈನ್‌ಗೆ ದೀಕ್ಷಾಸ್ನಾನ ಕೊಟ್ಟವನು ಏರಿಯಸ್‌ನ ಗೆಳೆಯ ಬಿಷಪ್. ಅವನ ಮಗ ಕಾನ್‌ಸ್ಟಾಂಟಿಯಸ್ ಕೂಡ ಆ ಕಡೆಯವರಿಗೇ ಒಲಿದಿದ್ದ. ಅರಮನೆಯ ಬಲದಿಂದಲೇ ತೀರ್ಮಾನವಾಗುವಂತಿದ್ದರೆ ಆಗಲೇ ತಮ್ಮನ ಪಕ್ಷ ಗೆಲ್ಲಬೇಕಿತ್ತು. ಇದನ್ನು ಅವನಿಗೆ ಹೇಳಿ, ಆದರೆ ಗೆದ್ದ ಮುಖ ಮಾಡಿಕೊಂಡು ಹೇಳಬೇಡಿ. ನಾವೂ ಒಪ್ಪಿಕೊಳ್ಳಬೇಕಾದದ್ದಿದೆ: 325ರ ಪ್ರಮಾಣದಲ್ಲಿ ಪವಿತ್ರಾತ್ಮನ ಬಗ್ಗೆ ಇದ್ದದ್ದು ಅರ್ಧ ಸಾಲು. ನಾವು ಈಗ ಹೇಳುವಷ್ಟು ಉದ್ದವಾದದ್ದು 381ರಲ್ಲಿ. ಯೇಸುವಿನಲ್ಲಿ ದೇವತ್ವ, ಮನುಷ್ಯತ್ವ ಎರಡೂ ಹೇಗೆ ಸೇರಿವೆ ಅನ್ನುವ ಜಗಳ 451ರವರೆಗೂ ಎಳೆಯಿತು, ಅದರಲ್ಲಿ ಈಜಿಪ್ಟಿನ, ಸಿರಿಯಾದ ಬಹಳಷ್ಟು ಸಭೆಗಳು ಬೇರೆಯಾಗಿಯೇ ಹೋದವು. ಎಲ್ಲವೂ ಅಪೊಸ್ತಲರ ಬಾಯಿಂದ ಸಿದ್ಧವಾಗಿ ಬಂತು ಅಂದರೆ ಅವನು ಮತ್ತೆ ನಗುತ್ತಾನೆ.

ಹಾಗಾದರೆ ನಾನು ಯಾಕೆ ಇನ್ನೂ ನಿಮ್ಮ ಕಡೆ ಇದ್ದೇನೆ? ವಚನಗಳನ್ನು ಎಣಿಸಿ ಅಲ್ಲ. ಅಪೊಸ್ತಲ ತೋಮ ಯೇಸುವಿಗೆ ಹೇಳಿದ "ನನ್ನ ಕರ್ತನೇ, ನನ್ನ ದೇವರೇ" ನಮ್ಮ ಕೈಯಲ್ಲಿದೆ, "ನನಗಿಂತ ದೊಡ್ಡವನು" ಅವನ ಕೈಯಲ್ಲಿದೆ. ಎಣಿಸುತ್ತಾ ಕೂತರೆ ಬೆಳಗಾಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಾರ್ಥನೆ. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಕ್ರೈಸ್ತರನ್ನು ವಿಚಾರಣೆ ಮಾಡಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಕಾಗದ ಬರೆದ. ಇವರು ಒಂದು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನಿಗೆ ದೇವರಿಗೆ ಹಾಡುವಂತೆ ಹಾಡುತ್ತಾರೆ ಎಂದು. ಅವನು ಆಳುತ್ತಿದ್ದ ಪ್ರಾಂತ್ಯದಲ್ಲೇ ನೈಸೀಯ ಇರುವುದು. ಅಂದರೆ ಬಿಷಪ್ಪರು ಅಲ್ಲಿ ಬಂದು ಕೂಡುವ ಇನ್ನೂರು ವರ್ಷ ಮೊದಲೇ ಆ ಸೀಮೆಯ ಜನ ಹಾಡಾಗಿತ್ತು. ದೇವರೊಬ್ಬನೇ, ಬೇರೆ ಯಾರಿಗೂ ಅಡ್ಡಬೀಳಬಾರದು ಎಂದು ಯೆಹೂದ್ಯರಿಂದ ಕಲಿತವರು ಯೇಸುವಿಗೆ ಅಡ್ಡಬಿದ್ದರು. ಎರಡನ್ನೂ ಬಿಡಲಿಲ್ಲ. ತ್ರಯೇಕ ಅನ್ನುವುದು ಮೂರು ಹೇಗೆ ಒಂದು ಅನ್ನುವ ಲೆಕ್ಕದಿಂದ ಹುಟ್ಟಿದ್ದಲ್ಲ ಅಪ್ಪ, ಈ ಬಿಡಲಾಗದ ಎರಡರ ನಡುವಿನ ಪೇಚಿನಿಂದ ಹುಟ್ಟಿದ್ದು. ಅಥನೇಸಿಯಸ್ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ: ಯೇಸು ಸೃಷ್ಟಿಯಾದವನಾದರೆ ನಾವು ಮಾಡುತ್ತಿರುವುದು ಸೃಷ್ಟಿಯ ಪೂಜೆ. ಸೃಷ್ಟಿಯಾದವನು ಸೃಷ್ಟಿಯಾದವರನ್ನು ದೇವರಿಗೆ ಸೇರಿಸುವುದು ಹೇಗೆ?

ತಮ್ಮನ ಹೊಸ ಗೆಳೆಯರು ಯೋಹಾನನ ಸುವಾರ್ತೆಯ ಮೊದಲ ವಚನವನ್ನು ಬೇರೆ ತರಹ ಓದುತ್ತಾರಂತಲ್ಲ, ವಾಕ್ಯವು, ಅಂದರೆ ಯೇಸು, "ಒಬ್ಬ ದೇವರು" ಆಗಿತ್ತು ಎಂದು. ಗ್ರೀಕಿನಲ್ಲಿ "ಒಬ್ಬ" ಅನ್ನುವ ಪದ ಅಲ್ಲಿಲ್ಲ, ಇಂಗ್ಲಿಷಿನ "ಎ" ತರಹದ್ದು ಆ ಭಾಷೆಯಲ್ಲೇ ಇಲ್ಲ. ಕನ್ನಡದಲ್ಲೂ ಇಲ್ಲ. ನಮ್ಮ "ವಾಕ್ಯವು ದೇವರಾಗಿತ್ತು" ಇಂಗ್ಲಿಷಿಗಿಂತ ಗ್ರೀಕಿಗೆ ಹತ್ತಿರ. ಇನ್ನೊಂದು ಗಮನಿಸಿದ್ದೀರಾ? "ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು." ದೇವರು ಎಂಬುದು ಬಹುವಚನದ ರೂಪ, ಉಂಟುಮಾಡಿದನು ಏಕವಚನ. ಇಬ್ರಿಯದ ಎಲೋಹೀಮ್ ಕೂಡ ಹೀಗೇ, ಬಹುವಚನದ ಹೆಸರಿಗೆ ಏಕವಚನದ ಕ್ರಿಯಾಪದ. ಚಂದ ಇದೆ, ಆದರೆ ಪುರಾವೆಯಲ್ಲ. ಎರಡು ಕಡೆಯೂ ಅದು ಗೌರವದ, ಹಿರಿಮೆಯ ರೂಪ ಎನ್ನಬಹುದು. ಇದನ್ನು ಎತ್ತಿಕೊಂಡು ಅವನ ಹತ್ತಿರ ಹೋಗಬೇಡಿ.

ಒಂದು ವಿಭಕ್ತಿಯ ಮೇಲೆ ಮನುಷ್ಯರ ಬಾಳು ತಿರುಗಿದ್ದುಂಟು. ಕಲ್ಕತ್ತೆಯಲ್ಲಿ ವಿಲಿಯಂ ಆಡಂ ಎಂಬ ಬ್ಯಾಪ್ಟಿಸ್ಟ್ ಮಿಷನರಿ ರಾಜಾ ರಾಮಮೋಹನ ರಾಯರ ಜೊತೆ ಸುವಾರ್ತೆಯನ್ನು ಬಂಗಾಳಿಗೆ ತರುತ್ತಿದ್ದ. ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಬಗ್ಗೆ ಹೇಳುವಾಗ, ಸಮಸ್ತವೂ ಆತ"ನಿಂದ" ಉಂಟಾಯಿತೋ, ಆತನ "ಮೂಲಕ" ಉಂಟಾಯಿತೋ ಎಂದು ಚರ್ಚೆ ಹತ್ತಿತು. "ನಿಂದ" ಅಂದರೆ ಆತನೇ ಸೃಷ್ಟಿಕರ್ತ, "ಮೂಲಕ" ಅಂದರೆ ಸೃಷ್ಟಿಕರ್ತನ ಕೈಯ ಸಾಧನ ಎಂದಾಗಬಹುದು. ರಾಯರಿಗೆ ಕ್ರೈಸ್ತ ನಂಬಿಕೆ ಒಪ್ಪಿಸಲು ಹೊರಟ ಆಡಂ 1821ರ ಹೊತ್ತಿಗೆ ತ್ರಿತ್ವವನ್ನೇ ಬಿಟ್ಟ. ಜನ ಅವನನ್ನು "ಪತನವಾದ ಎರಡನೆಯ ಆದಾಮ" ಎಂದು ಆಡಿಕೊಂಡರು. ನಮ್ಮ ಸತ್ಯವೇದದಲ್ಲಿ "ಮೂಲಕ" ಎಂದೇ ಇದೆ, ಆದರೂ ನೀವು ಬಿಟ್ಟಿಲ್ಲ!

ನನ್ನ ಜೊತೆ ಕೆಲಸ ಮಾಡುವ ಮೊರಾಕ್ಕೋದ ಹುಡುಗಿಗೆ ಈ ಜಗಳ ಹೇಳಿದೆ. "ನಾವೂ ಈಸಾನನ್ನು ಪ್ರೀತಿಸುತ್ತೇವೆ" ಅಂದಳು. ಕನ್ಯೆ ಮರ್ಯಮಳ ಮಗ, ಅದ್ಭುತಗಳನ್ನು ಮಾಡಿದವನು, ಮತ್ತೆ ಬರುವವನು, ಕುರಾನಿನಲ್ಲಿ ದೇವರ ವಾಕ್ಯ ಎಂದೂ ಕರೆಸಿಕೊಂಡವನು. ಆದರೆ ಪ್ರವಾದಿ, ಮಗನಲ್ಲ, "ಮೂರು ಅನ್ನಬೇಡಿ" ಎಂದು ಅಲ್ಲಿ ನೇರವಾಗಿಯೇ ಇದೆ. ಶಿಲುಬೆಯಲ್ಲಿ ಸತ್ತದ್ದನ್ನೂ ಅವರು ಒಪ್ಪುವುದಿಲ್ಲ. ಅವಳ ಜೊತೆ ನಾನು ಮಧ್ಯಾಹ್ನವಿಡೀ ಮಾತಾಡಿದೆ, ಯಾರೂ ಎದ್ದು ಹೋಗಲಿಲ್ಲ. ತಮ್ಮನ ಜೊತೆ ನಮಗೆ ಯಾಕೆ ಆಗುವುದಿಲ್ಲ? ಹತ್ತಿರದವನು ಅಂತಲೇ?

ಹತ್ತಿರದವರ ಜೊತೆ ನಾವು ಮಾಡಿದ್ದು ಚೆನ್ನಾಗಿಲ್ಲ ಅಪ್ಪ. ತ್ರಿತ್ವವನ್ನು ಅಲ್ಲಗಳೆದ ಸೆರ್ವೇಟಸ್‌ನನ್ನು 1553ರಲ್ಲಿ ಜಿನೀವಾದಲ್ಲಿ ಜೀವಂತ ಸುಟ್ಟವರು ನಮ್ಮ ಪ್ರಾಟೆಸ್ಟೆಂಟರೇ. ರವೆನ್ನಾದಲ್ಲಿ ಇನ್ನೊಂದು ನೋಡಿದೆ. ಥಿಯೊಡೊರಿಕ್ ಕಟ್ಟಿಸಿದ ದೊಡ್ಡ ಚರ್ಚಿನ ಗೋಡೆಯಲ್ಲಿ ಅವನ ಅರಮನೆಯ ಚಿತ್ರವಿದೆ, ಬಣ್ಣದ ಗಾಜಿನ ಹರಳುಗಳಲ್ಲಿ. 540ರಲ್ಲಿ ಪೂರ್ವ ರೋಮಿನ ಚಕ್ರವರ್ತಿ ಜಸ್ಟೀನಿಯನ್‌ನ ಸೈನ್ಯ ಊರನ್ನು ಹಿಡಿಯಿತು, ಸುಮಾರು 20 ವರ್ಷಕ್ಕೆ ಏರಿಯಸ್‌ನವರ ಚರ್ಚುಗಳೆಲ್ಲ ನಮ್ಮವರ ಕೈಗೆ ಬಂದವು. ಆಗ ಅರಮನೆಯ ಕಂಬಗಳ ನಡುವೆ ನಿಂತಿದ್ದವರನ್ನು ಕಿತ್ತು ತೆಗೆದು, ಆ ಜಾಗದಲ್ಲಿ ಪರದೆಗಳನ್ನು ಕೂರಿಸಿದರು. ಕೆಲಸ ಪೂರ್ತಿ ಮಾಡಲಿಲ್ಲ. ಕಂಬಗಳ ಮೇಲೆ ಅವರ ಕೈಗಳು ಹಾಗೇ ಉಳಿದಿವೆ. ಮೈಯಿಲ್ಲ, ಮುಖವಿಲ್ಲ. ಒಂದು ಕಂಬದ ಮೇಲೆ ಬೆರಳುಗಳು, ಇನ್ನೊಂದರ ಮೇಲೆ ಮುಂಗೈ. ಅಲ್ಲಿ ಬಹಳ ಹೊತ್ತು ನಿಂತಿದ್ದೆ. ತಮ್ಮನ ಕೈ ನೆನಪಾಯಿತು.

ಅವನು ಕರ್ತನ ಭೋಜನಕ್ಕೆ ಬರುವುದಿಲ್ಲ ಅಂದರೆ ಬಲವಂತ ಮಾಡಬೇಡಿ. ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಮಾತ್ರ ಅವನ ಜಾಗ ಅವನಿಗೆ ಇರಲಿ. ಯೋಹಾನನ 14ನೇ ಅಧ್ಯಾಯವನ್ನು ಅವನ ಕೈಯಿಂದಲೇ ಓದಿಸಿ. "ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ" ಅನ್ನುವುದೂ, ಅವನ ಮೆಚ್ಚಿನ "ನನಗಿಂತ ದೊಡ್ಡವನು" ಅನ್ನುವುದೂ ಒಂದೇ ಅಧ್ಯಾಯದಲ್ಲಿವೆ. ಓದಿದ ಮೇಲೆ ನೀವು ವಿವರಿಸಲು ಹೋಗಬೇಡಿ. ಅಮ್ಮ ಹಾಡು ಎತ್ತಲಿ.

ಕಾಗದದ ಜೊತೆ ಎರಡು ಪೋಸ್ಟ್‌ಕಾರ್ಡ್ ಇಟ್ಟಿದ್ದೇನೆ, ಎರಡು ಗುಮ್ಮಟಗಳದ್ದು. ಯಾವುದು ಯಾರದ್ದು ಎಂದು ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ತಿರುಗಿಸಿ ನೋಡುವ ಮೊದಲು ನೀವೂ ಅವನೂ ಪಕ್ಕಪಕ್ಕ ಕೂತು ಊಹಿಸಿ. ನನ್ನ ಊಹೆ ತಪ್ಪಾಗಿತ್ತು.

ನಿಮ್ಮ ಮಗಳು