ಹಳೆಯ ಹೊಲಿಗೆ ಯಂತ್ರಕ್ಕೆ ಬಣ್ಣ ಬಳಿಯುವ ಮುನ್ನ

ಗುಳೇದಗುಡ್ಡ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು.

ಬೆಳಗಾವಿಯ ಗುಜರಿಯಲ್ಲಿ ಸಿಂಗರ್ ಕಂಪನಿಯ ಹಳೆಯ ಕಾಲು ಮಶೀನೊಂದನ್ನು ಕೊಂಡಿರುವೆ ಎಂದೂ, ಅದರ ಕಪ್ಪು ಮೈಯನ್ನು ಕೆರೆದು ಕಾರಿನ ಬಣ್ಣ ಹೊಡೆಸಬೇಕೆಂದಿರುವೆ ಎಂದೂ ನಿನ್ನ ಅವ್ವ ಫೋನಿನಲ್ಲಿ ತಿಳಿಸಿದಳು. ಈ ಹವ್ಯಾಸ ನಿನಗೆ ಹತ್ತಿದ್ದು ಕೇಳಿ ನನಗೆ ಬಹಳ ಸಂತೋಷವಾಯಿತು. ಆದರೆ ಬಣ್ಣದ ಕೆಲಸವನ್ನು ಮಾತ್ರ ಈಗಲೇ ನಿಲ್ಲಿಸು. ಹಳೆಯ ಯಂತ್ರವನ್ನು ಹೊಸದರಂತೆ ಕಾಣಿಸುವುದು ಬೇರೆ, ಅದು ಮತ್ತೆ ಚೆನ್ನಾಗಿ ಹೊಲಿಯುವಂತೆ ಮಾಡುವುದು ಬೇರೆ. ನೀನು ಕೈಗೆತ್ತಿಕೊಳ್ಳಬೇಕಾದದ್ದು ಎರಡನೆಯದು.

ಆ ಕಪ್ಪು ಮೈಯ ಮೇಲಿನ ಬಂಗಾರದ ಬಣ್ಣದ ಬಳ್ಳಿಗಳು ತೀರ ತೆಳುವಾದ ಅಚ್ಚುಗಳು. ಹಳೆಯ ಸಿಂಗರ್‌ಗಳಲ್ಲಿ ಅವುಗಳನ್ನು ಕಾಯುವುದು ಅರಗಿನಿಂದ ಮಾಡಿದ ಶೆಲ್ಯಾಕ್ ಎಂಬ ಮೆರುಗು. ಸ್ಪಿರಿಟ್ ತಾಗಿದ ಕೂಡಲೇ ಈ ಮೆರುಗು ಕರಗುತ್ತದೆ, ಅದರೊಂದಿಗೆ ಚಿತ್ತಾರವೂ ಬಟ್ಟೆಗೆ ಬರುತ್ತದೆ. ಥಿನ್ನರ್ ಅದಕ್ಕಿಂತ ಕೇಡು. ಹತ್ತಿಯ ಮೆತ್ತನೆಯ ಬಟ್ಟೆಗೆ ಮಶೀನ್ ಎಣ್ಣೆ ಹಚ್ಚಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ನಿಧಾನವಾಗಿ ಒರೆಸು. ಒಮ್ಮೆ ಅಳಿಸಿದ ಚಿತ್ತಾರವನ್ನು ಯಾವ ಪೇಂಟರನೂ ಮರಳಿ ತರಲಾರ.

ಕೈಚಕ್ರ ಬಿಗಿದುಕೊಂಡಿದೆಯಂತೆ. ಬಲ ಹಾಕಬೇಡ. ಬಹುತೇಕ ಇಂಥ ಯಂತ್ರಗಳು ಸವೆದು ನಿಂತಿರುವುದಿಲ್ಲ, ಎಣ್ಣೆ ಒಣಗಿ ನಿಂತಿರುತ್ತವೆ. ನಮ್ಮ ಕಡೆ ಮನೆಯಲ್ಲಿ ಯಾವಾಗಲೂ ಇರುವ ಕುಸುಬಿ ಎಣ್ಣೆಯನ್ನೇ ಎಷ್ಟೋ ಮಂದಿ ಯಂತ್ರಕ್ಕೂ ಬಿಟ್ಟಿದ್ದಾರೆ. ಅಡುಗೆಗೆ ಅದಕ್ಕಿಂತ ಒಳ್ಳೆಯ ಎಣ್ಣೆ ಇಲ್ಲವೆಂಬುದು ನನ್ನ ಅಭಿಪ್ರಾಯ; ಆದರೆ ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು, ಆ ಗುಣಕ್ಕಾಗಿಯೇ ಅದನ್ನು ಬಣ್ಣಗಳ ತಯಾರಿಕೆಯಲ್ಲೂ ಬಳಸುತ್ತಾರೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಅದೂ ಬೇಡ. ಲೋಹಕ್ಕೆ ಲೋಹ ತಾಗುವ ಪ್ರತಿಯೊಂದು ಕೀಲಿಗೂ ಎಣ್ಣೆಯ ರಂಧ್ರಕ್ಕೂ ಒಂದೆರಡು ಹನಿ ಚಿಮಣಿ ಎಣ್ಣೆ (ಸೀಮೆಎಣ್ಣೆ) ಬಿಟ್ಟು ರಾತ್ರಿಯಿಡೀ ಹಾಗೆಯೇ ಇರಿಸಿ, ಮರುದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಅಲುಗಿಸುತ್ತಾ ಹೋಗು. ಆ ಎಣ್ಣೆ ಬಣ್ಣದ ಮೇಲೆ ಹರಿಯದಂತೆ ನೋಡಿಕೋ. ಚಕ್ರ ಸಡಿಲಾದ ಮೇಲೆ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಮರೆಯದೆ ಬಿಡು, ಏಕೆಂದರೆ ಚಿಮಣಿ ಎಣ್ಣೆ ಕೊಳೆ ತೊಳೆಯುತ್ತದೆಯೇ ಹೊರತು ಸವೆತವನ್ನು ತಡೆಯುವುದಿಲ್ಲ. ಅಷ್ಟಾದರೂ ಚಕ್ರ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಕೆಳಗಿನ ದಾರವನ್ನು ಹೆಣೆಯುವ ಶಟಲ್ ಬಿಚ್ಚಿ ನೋಡು; ಅದರ ಹಾದಿಯಲ್ಲಿ ತುಂಡು ದಾರ ಸಿಕ್ಕಿಕೊಂಡಿರುವುದು ತೀರ ಸಾಮಾನ್ಯ.

ತಿರುಪುಗಳ ತಲೆಯ ಸೀಳಿಗೆ ಸರಿಯಾಗಿ ತುಂಬಿ ಕೂಡುವ ಸ್ಕ್ರೂಡ್ರೈವರನ್ನೇ ಬಳಸು, ಬಿಚ್ಚುವ ಮೊದಲು ಪ್ರತಿಯೊಂದರ ಫೋಟೋ ತೆಗೆ. ಕೈಚಕ್ರದೊಳಗೆ ಮೂರು ಕಿವಿಗಳ ವಾಷರೊಂದಿದೆ. ಮರುಜೋಡಿಸಿದ ಮೇಲೆ ನಡುವಿನ ಗುಬ್ಬಿ (ತಿರುಗಿಸುವ ಗುಂಡಿ) ಸರಿಯಾಗಿ ಬಿಗಿಯದಿದ್ದರೆ ಅಥವಾ ಸಡಿಲಾಗದಿದ್ದರೆ, ಆ ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂಡಿಸು.

ಹೊಲಿಗೆ ಕೆಟ್ಟರೆ ಎಲ್ಲರೂ ಮೊದಲು ದಾರದ ಬಿಗಿತ ಹೊಂದಿಸುವ ಟೆನ್ಷನ್ನಿನ ಗುಬ್ಬಿಗೇ ಕೈ ಹಾಕುತ್ತಾರೆ. ನೀನು ಅದನ್ನು ಕೊನೆಗೆ ಮುಟ್ಟು. ಸೂಜಿ ಹೊಸದೇ, ಅದರ ಚಪ್ಪಟೆ ಬದಿ ಶಟಲ್‌ನ ಕಡೆಗಿದೆಯೇ ಎಂದು ನೋಡು. ದಾರ ಸೇರುವುದು ಸೂಜಿಯ ಉದ್ದ ತೋಡಿರುವ ಬದಿಯಿಂದ. ಬಟ್ಟೆಯ ಕೆಳಬದಿಯಲ್ಲಿ ದಾರ ಕುಣಿಕೆಗಟ್ಟುತ್ತಿದ್ದರೆ ದೋಷ ಬಹುಮಟ್ಟಿಗೆ ಮೇಲಿನ ದಾರದ್ದೇ ಆಗಿರುತ್ತದೆ: ಟೆನ್ಷನ್ ತಟ್ಟೆಗಳ ನಡುವೆ ಅದು ಸರಿಯಾಗಿ ಕುಳಿತಿರುವುದಿಲ್ಲ, ಇಲ್ಲವೇ ತಟ್ಟೆಗಳ ನಡುವೆ ಹಳೆಯ ಎಳೆ ಸೇರಿರುತ್ತದೆ. ಮೊದಲು ಗಂಜಿಯಿಲ್ಲದ ಹತ್ತಿ ಬಟ್ಟೆಯ ಎರಡು ಪದರದ ಮೇಲೆ 14ನೇ ನಂಬರಿನ ಸೂಜಿಯಿಂದ ಹೊಲಿ. ಅದು ಚೆನ್ನಾಗಿ ಬಂದ ಮೇಲೆ 11ನೇ ನಂಬರಿಗೆ ಇಳಿದು ನಮ್ಮೂರ ಖಣದ ತುಂಡಿನ ಮೇಲೆ ನೋಡು. ಮೇಲಿನ ಮತ್ತು ಕೆಳಗಿನ ದಾರಗಳು ಬಟ್ಟೆಯ ಒಡಲೊಳಗೆ ಹೆಣೆದುಕೊಂಡು, ಎರಡೂ ಬದಿ ಒಂದೇ ತೆರನಾಗಿ ಕಂಡರೆ ಯಂತ್ರ ಸಿದ್ಧವಾಯಿತೆಂದು ತಿಳಿ.

ಕಾಲಿನ ಚೌಕಟ್ಟು ಬೀಡು ಕಬ್ಬಿಣದ್ದು, ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಹೊರಟರೆ ಒಡೆಯುತ್ತದೆ. ಬಿರುಕಿದ್ದರೆ ಉದ್ಯಮಬಾಗಿನ ಎರಕದ ಕೆಲಸದವರಿಗೆ ತೋರಿಸು. ಬೀಡಿನ ವಿಷಯದಲ್ಲಿ ಬೆಳಗಾವಿಯವರಿಗಿಂತ ತಿಳಿದವರನ್ನು ಹುಡುಕಿಕೊಂಡು ನೀನು ದೂರ ಹೋಗಬೇಕಾಗಿಲ್ಲ.

ಇದು ಅಪರೂಪದ ಆಸ್ತಿ ಎಂದು ಮಾರಿದವನು ಹೇಳಿದ್ದನ್ನು ಬಹಳ ನಂಬಬೇಡ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಸಿಂಗರ್ ಕಾರ್ಖಾನೆಯೊಂದೇ 1913ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ತಯಾರಿಸಿತ್ತು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್‌ಗಳೊಳಗೆ ಕೆಂಪು ಪಾದರಸವೆಂಬ, ಭಾರೀ ಬೆಲೆಯದೆನ್ನುವ ವಸ್ತುವಿದೆ ಎಂಬ ಸುಳ್ಳು ಹಬ್ಬಿ ಜನ ಹುಚ್ಚು ಬೆಲೆ ತೆತ್ತಿದ್ದರು. ಅಂಥ ಮಾತು ಹೇಳಿಕೊಂಡು ಯಾರಾದರೂ ಬಂದರೆ ಕಿವಿಗೊಡಬೇಡ. ನಿನ್ನ ಯಂತ್ರದ ವಯಸ್ಸು ತಿಳಿಯಬೇಕಾದರೆ ಕೈಚಕ್ರದ ಬಳಿ, ತಳದ ಬಲಬದಿಯಲ್ಲಿ ಒತ್ತಿರುವ ಸಂಖ್ಯೆಯನ್ನು ಬರೆದುಕೋ. ಅಂಕಿಗಳಿಗಿಂತ ಮೊದಲು ಇಂಗ್ಲಿಷ್ ಅಕ್ಷರವಿದ್ದರೆ ಅದು 1900ರಿಂದ ಈಚಿನದು. ಬಣ್ಣ ಕೆರೆಯುವ ಆತುರದಲ್ಲಿ ಆ ಸಂಖ್ಯೆ ಹಾಳಾದರೆ ಅದರ ಗುರುತೇ ಹೋದಂತೆ.

ಚರ್ಮದ ಪಟ್ಟಾ ಹೊಸದು ಹಾಕುವಾಗ ಒಮ್ಮೆಲೇ ಗಿಡ್ಡ ಮಾಡಿ ಕತ್ತರಿಸಬೇಡ. ಚಕ್ರ ಜಾರದಷ್ಟು ಬಿಗಿಯಿದ್ದರೆ ಸಾಕು, ಕೆಲವು ದಿನ ತುಳಿದ ಮೇಲೆ ಚರ್ಮ ಹಿಗ್ಗುತ್ತದೆ, ಆಗ ಮತ್ತಷ್ಟು ಕತ್ತರಿಸಿ ಕ್ಲಿಪ್ ಹಾಕಬಹುದು. ಪರೀಕ್ಷೆಗೆ ಬೇಕಾದ ಖಣದ ತುಂಡುಗಳನ್ನು ನಿನ್ನ ಅತ್ತೆ ತೆಗೆದಿಟ್ಟಿದ್ದಾಳೆ, ಆ ಕಡೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಹೊಲಿದ ಮೇಲೆ ಒಂದನ್ನು ನನಗೆ ಮರಳಿ ಕಳಿಸು, ಕೆಳಬದಿಯನ್ನು ನಾನು ನೋಡಬೇಕು.

ಇಂತಿ ನಿನ್ನ ಸೋದರಮಾವ