ಇಂಟರ್ನ್‌ಗೂ ಊಟ ಬೇಕು

ಮಾನ್ಯರೇ,

ನಾನು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿನಿ. ಈ ಬೇಸಿಗೆಯಲ್ಲಿ ಎರಡು ತಿಂಗಳು ಒಂದು ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಶಾಲೆ ಗೇಟಿನಿಂದ ಗೂಡಂಗಡಿವರೆಗೆ ಟೇಪು ಹಿಡಿದು ಅಳೆಯುವುದೇ ಕೆಲಸ. 2003ರ ತಂಬಾಕು ಕಾಯ್ದೆ ಪ್ರಕಾರ ಶಾಲೆಯಿಂದ 100 ಗಜದೊಳಗೆ ಬೀಡಿ, ಸಿಗರೇಟು ಮಾರುವಂತಿಲ್ಲ. ಒಂದು ಕಡೆ ನಲವತ್ತು ಹೆಜ್ಜೆಗೇ ಅಂಗಡಿ. ಪೆಪ್ಪರ್‌ಮಿಂಟ್ ಡಬ್ಬಿ ಪಕ್ಕದಲ್ಲೇ ಬೀಡಿ ಕಟ್ಟು. "ಅಂಗಡಿ ಎತ್ತಿಸ್ತೀಯಾ ಮಗಳೇ?" ಎಂದು ಅಜ್ಜಿ ಕೇಳಿದರು. ನನ್ನ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಸಂಬಳ ಮಾತ್ರ ಸೊನ್ನೆ. 'ಶಕ್ತಿ' ಯೋಜನೆಯಿಂದ ನನಗೆ ಬಸ್ಸು ಬಿಟ್ಟಿ, ಬಚಾವ್. ಜೊತೆಗಿದ್ದ ಹುಡುಗ ಬಸ್ ಚಾರ್ಜು ಹೊಂದಿಸಲಾಗದೆ ಎರಡನೇ ವಾರಕ್ಕೇ ಬಿಟ್ಟ. ಈ ಅಳತೆಯ ವರದಿಯಲ್ಲಿ ನಮ್ಮಿಬ್ಬರ ಹೆಸರೂ ಇಲ್ಲ. ಕನಿಷ್ಠ ಊಟ, ಓಡಾಟದ ಖರ್ಚನ್ನಾದರೂ ಕೊಡಲೇಬೇಕು ಎಂದು ವಿಶ್ವವಿದ್ಯಾಲಯಗಳು ನಿಯಮ ಮಾಡಬಹುದಲ್ವಾ?

– ಓರ್ವ ವಿದ್ಯಾರ್ಥಿನಿ, ತುಮಕೂರು