ಸಾಕ್ಷರತೆ ಲೆಕ್ಕ ಮಾಡುವವರ ಗಮನಕ್ಕೆ

ಗೆಳೆಯರೇ, ನಿನ್ನೆ ಒಂದೇ ತಾಲ್ಲೂಕಿಗೆ ಎರಡು ಸಾಕ್ಷರತೆ ಪ್ರಮಾಣ ಬಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತು. 2011ರ ಜನಗಣತಿಯ ಪ್ರಾಥಮಿಕ ಸಾರಾಂಶದಲ್ಲಿ (ಮುಖ್ಯ ಅಂಕಿಗಳ ಪಟ್ಟಿ) 'ಅನಕ್ಷರಸ್ಥರು' ಅನ್ನೋ ಕಾಲಂ ಇದೆಯಲ್ಲ, ಅದರಲ್ಲಿ 0–6 ವರ್ಷದ ಮಕ್ಕಳೂ ಸೇರಿದ್ದಾರೆ. ತೊಟ್ಟಿಲ ಕೂಸೂ ಅಲ್ಲಿ ಅನಕ್ಷರಸ್ಥ! ಮಕ್ಕಳನ್ನು ಸೇರಿಸಿ ಲೆಕ್ಕ ಹಾಕಿದರೆ ಒಂದು ಪ್ರಮಾಣ, ಬಿಟ್ಟು ಹಾಕಿದರೆ ಇನ್ನೊಂದು. ಪ್ರಮಾಣ ತೆಗೆಯುವಾಗ ಒಟ್ಟು ಜನಸಂಖ್ಯೆಯಿಂದ ಆ ಮಕ್ಕಳನ್ನು ಕಳೆದು, ಉಳಿದದ್ದರಿಂದ ಸಾಕ್ಷರರ ಸಂಖ್ಯೆಯನ್ನು ಭಾಗಿಸಿ. ಕರ್ನಾಟಕದ ಸಾಕ್ಷರತೆ 75.36% ಅಂತ ಬಂದಿರುವುದು ಹೀಗೇ.

ಕಡತ ಹುಡುಕುವಾಗ ಕಲಬುರಗಿ, ಬಳ್ಳಾರಿ ಅಂತ ಹಾಕಿದರೆ ಸಿಗದೇ ಇರಬಹುದು. ಹಳೆಯ ಗುಲ್ಬರ್ಗಾ, ಬೆಲ್ಲಾರಿ ಹೆಸರು ಹಾಕಿ ನೋಡಿ. ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ, ಹಾಗಾಗಿ 2011ರ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಅದರ ಅಂಕಿಯನ್ನು ತಾಲ್ಲೂಕುಗಳನ್ನು ಕೂಡಿಸಿಯೇ ಕಟ್ಟಬೇಕು. ಈಗ ವಿಜಯನಗರದಲ್ಲಿರುವ ಹರಪನಹಳ್ಳಿ 2011ರ ದಾವಣಗೆರೆಯ ಕಡತದಲ್ಲಿದೆ. ಕಂಪ್ಲಿ ಆಗ ಹೊಸಪೇಟೆ ತಾಲ್ಲೂಕಿನೊಳಗಿತ್ತು, ಆದರೆ ಈಗ ವಿಜಯನಗರಕ್ಕೆ ಸೇರಿಲ್ಲ, ಅದನ್ನು ಹೊಸಪೇಟೆಯ ಅಂಕಿಯಿಂದ ಕಳೆಯಿರಿ. ಬೇಸರದ ಕೆಲಸ, ನಿಜ.

ರಾಜ್ಯದ ಜನಸಂಖ್ಯೆ 6,11,30,704 ಅಂತ ಕಂಡರೆ ಅದು ತಾತ್ಕಾಲಿಕ ಅಂಕಿ. ಅಂತಿಮ ಸಂಖ್ಯೆ 6,10,95,297. ಯಾವುದನ್ನು ಬಳಸಿದ್ದೀರಿ ಅಂತ ಹಾಳೆಯಲ್ಲೇ ಬರೆಯಿರಿ. ಮಾತೃಭಾಷೆಯ ವಿವರ ಬೇಕಾದವರು ಜನಗಣತಿಯ ಸಿ-16 ಕೋಷ್ಟಕ ನೋಡಿ.